ನಾಡಿ ಹಿಡಿದ ದಾರ

ಮಸರು ಮಾರುವವಳ ಕೂಗಿನ ಕೆಳಗೆ ಇನ್ನೊಂದು ಸದ್ದಿತ್ತು.

"ಮಸರ ಬೇಕೇನ್ರೀ, ಮಸರ..." ಎಂದು ಆ ಹೆಣ್ಣುದನಿ ಎಳೆದೆಳೆದು ಕೂಗುತ್ತಿದ್ದರೆ, ತಳದಲ್ಲಿ ಯಾರೋ ಆಚೆಮನೆಯಲ್ಲಿ ಖಾರ ಕುಟ್ಟುತ್ತಿರುವ ಹಾಗೆ ಗುದ್, ಗುದ್ ಎನ್ನುತ್ತಿತ್ತು. ಶಿವಲೀಲಾ ಕಿವಿಯ ಹೆಡ್‌ಫೋನ್ ತೆಗೆದು ಮೆಹಬೂಬ ನದಾಫನ ಮುಖ ನೋಡಿದಳು. ರಾಯಾಪುರದ ಆ ಲ್ಯಾಬಿಗೆ ಅವನೇ ಎಂಜಿನಿಯರು, ಅವನೇ ಚಹಾ ಮಾಡುವವನು.

"ಅದು ಕಸ ಮೇಡಂ," ಎಂದ ನದಾಫ್. "ಫಿಲ್ಟರ್ ಬರದಿಟ್ಟೇನಿ. ಹಾಕಿದ್ರ ತೊಳದಂಗ ಆಕ್ಕೈತಿ."

"ಏನದು ಅಂತ ಗೊತ್ತಾಗಿಲ್ಲ, ಆಗಲೇ ತೊಳ್ಯಾಕ ನಿಂತೀ ಏನು?"

"ವಸ್ತುಸಂಗ್ರಹಾಲಯದವರು ಸ್ವಚ್ಛ ದನಿ ಬೇಕು ಅಂದಾರ್ರಿ. ಕುಟ್ಟೋ ಸಪ್ಪಳ ಕೇಳಿಲ್ಲ."

ಮೇಜಿನ ಮೇಲೆ ಹಾಸಿದ್ದದ್ದು ಒಂದು ಕರಿಯ ಇಳಕಲ್ ಅರಿವೆ. ಕೂಗುತ್ತಿದ್ದದ್ದು ಆ ಅರಿವೆಯೇ.

ಧಾರವಾಡದ ಓಣಿಗಳಲ್ಲಿ ಈಗ ಯಾರೂ ಕೂಗುವುದಿಲ್ಲ. ಮಸರು, ಹೂವು, ಬಳೆ, ಎಲ್ಲವೂ ಸದ್ದಿಲ್ಲದ ಪುಟ್ಟ ಗಾಡಿಗಳಲ್ಲಿ ತಾವೇ ಬಂದು ಬಾಗಿಲಿಗೆ ನಿಂತು, ತಾವೇ ಹಿಂದಿರುಗುತ್ತವೆ. ಕೂಗುವವರು ಹೋದಮೇಲೆ ಕೂಗು ಬೇಕೆನಿಸುವುದು ನಮ್ಮ ಜಾಯಮಾನ. ಊರಿಗೆ ಹೊಸ ವಸ್ತುಸಂಗ್ರಹಾಲಯ ಬಂದಾಗ, ಹಳೆಯ ಧ್ವನಿಮುದ್ರಣಗಳಿಂದ ಈ ಕೂಗುಗಳನ್ನು ಆರಿಸಿ ಏನಾದರೂ ಮಾಡಿಕೊಡಿ ಎಂದು ಶಿವಲೀಲಾಳನ್ನು ಕೇಳಿದರು. ಸ್ಪೀಕರು ಇಟ್ಟು ಕೇಳಿಸಿದರೆ ಅದರಲ್ಲೇನು ಬಂತು ಎಂದು ಆಕೆ ಕೂಗುಗಳನ್ನು ಕಸೂತಿ ಮಾಡಲು ಹೊರಟಳು.

ಉಪಾಯ ಸರಳವೇ. ಅವಳ ಸಾಫ್ಟ್‌ವೇರು ದನಿಯ ಏರಿಳಿತವನ್ನು ಗೋಪುರ, ಕಮಲ, ನವಿಲುಗಳ ಚಿತ್ತಾರವಾಗಿ ಮಾರ್ಪಡಿಸುತ್ತದೆ. ದನಿ ಏರಿದಲ್ಲಿ ಗೋಪುರ ಏರುತ್ತದೆ, ದನಿ ನಡುಗಿದಲ್ಲಿ ನವಿಲಿನ ಬಾಲ ಕವಲೊಡೆಯುತ್ತದೆ. ಅದನ್ನು ಕೈಯಿಂದ ಹೊಲಿಯಬೇಕು, ಆದರೆ ಇಂಗಾಲದ ತೆಳುಲೇಪನ ಕೊಟ್ಟ ದಾರದಲ್ಲಿ. ಹೊಲಿದಾದ ಮೇಲೆ ದಾರದ ಲೇಪನವನ್ನು ಓದಬಲ್ಲ ನದಾಫನ ಸಾಧನವನ್ನು, ಅವರ ಮಾತಿನಲ್ಲಿ ಓದುಪಟ್ಟಿಯನ್ನು, ಅರಿವೆಯ ಮೇಲೆ ಹಾಯಿಸಿದರೆ, ಅದು ಚಿತ್ತಾರವನ್ನು ಮತ್ತೆ ದನಿಯಾಗಿಸುತ್ತದೆ. ನೋಡುವವರಿಗೆ ಸೆರಗು, ಕೇಳುವವರಿಗೆ ಸಂತೆ.

ತಾಪತ್ರಯವೆಲ್ಲ ಹೊಲಿಯುವುದರಲ್ಲಿತ್ತು. ಕಸೂತಿಗೆ ಗಂಟು ಹಾಕುವಂತಿಲ್ಲ, ಅರಿವೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿಕೊಂಡೇ ಹೋಗಬೇಕು. ಗವಂತಿ ಹೊಲಿಗೆಯಲ್ಲಂತೂ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತಾ ಹೋಗಿ, ಬಿಟ್ಟ ಮನೆಗಳನ್ನು ತುಂಬುತ್ತಾ ಹೊರಟಲ್ಲಿಗೇ ಬರಬೇಕು. ಆಗಲೇ ಅರಿವೆಯ ಎರಡೂ ಮಗ್ಗುಲು ಒಂದೇ ಥರ ಕಾಣುವುದು. ಚಿತ್ತಾರ ಕವಲೊಡೆದಲ್ಲಿ ಯಾವ ಕವಲನ್ನು ಮೊದಲು ಮುಗಿಸಬೇಕು ಎಂಬುದು ತಪ್ಪಿದರೆ ಸೂಜಿ ಅರ್ಧದಲ್ಲಿ ಸಿಕ್ಕಿಬೀಳುತ್ತದೆ. ಕಸೂತಿಯ ಹೆಂಗಸರು ಈ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು ಬಂದವರು. ವಿಜಾಪುರದ ಕಡೆಯಿಂದ ಸೊಸೆಯಾಗಿ ಬಂದು, ಮದುವೆಯಾದ ಮೇಲೆ ಸೂಜಿ ಹಿಡಿದ ಶಿವಲೀಲಾಗೆ ಅದು ಸುಲಭಕ್ಕೆ ಒಲಿಯಲಿಲ್ಲ. ಹಾಗಾಗಿ ಆಕೆ ಆ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದಳು. ಯಾವ ಹೊಲಿಗೆ ಆದಮೇಲೆ ಯಾವುದು ಎಂದು ತೋರಿಸುವ ದಾರಿನಕ್ಷೆಯೊಂದು ಪ್ರತಿ ಚಿತ್ತಾರದ ಜೊತೆಗೂ ಅಚ್ಚಾಗಿ ಬರುತ್ತಿತ್ತು. ಆ ನಕ್ಷೆಯ ಬಗ್ಗೆ ಅವಳಿಗೆ ಹೆಮ್ಮೆ. ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ಯಾರಾದರೂ ಹೊಗಳಿದರೆ ಬೇಡವೆನ್ನುತ್ತಲೂ ಇರಲಿಲ್ಲ.

ಅವಳ ಜೊತೆ ಹೊಲಿಯುತ್ತಿದ್ದವಳು ನೆಗೆಣ್ಣಿ ಮಹಾನಂದಾ, ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಹಗಲೆಲ್ಲ ಬೀಜದ ಅಂಗಡಿಯಲ್ಲಿ ಇರುತ್ತಿದ್ದರಿಂದ ಸಪ್ತಾಪುರದ ಆ ಮನೆ ಇವರಿಬ್ಬರದೇ ರಾಜ್ಯ. ಶಿವಲೀಲಾಗೆ ಕಸೂತಿ ಕಲಿಸಿದವಳೂ ಮಹಾನಂದಾ, ಮೊದಲ ವರ್ಷ ಅವಳ ರೊಟ್ಟಿ ಹರಿದಾಗಲೆಲ್ಲ ಅತ್ತೆಗೆ ಕಾಣದಂತೆ ತನ್ನ ಬುಟ್ಟಿಗೆ ಹಾಕಿಕೊಂಡವಳೂ ಅವಳೇ. ಹೆತ್ತ ತಾಯಿಗಿಂತ ಒಂದು ಕೈ ಮೇಲೆ ಎಂದು ಶಿವಲೀಲಾ ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಆ ಗುದ್‌ಗುದ್ ಸದ್ದಿನ ಬೆನ್ನು ಹತ್ತಿದವಳು ಶಿವಲೀಲಾ, ದುಡಿದವನು ನದಾಫ್. ಯಂತ್ರದಲ್ಲಿ ಹೊಲಿಸಿದ ತುಂಡನ್ನು ಓದಿಸಿದರು, ಸದ್ದಿಲ್ಲ. ಕೈಯಲ್ಲಿ ಹೊಲಿದದ್ದನ್ನು ಓದಿಸಿದರು, ಸದ್ದಿದೆ. ಅಂದರೆ ಕೈಯಿಂದಲೇ ಬಂದದ್ದು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ, ಬೆರಳು ದಾರವನ್ನು ಚಿವುಟಿ ಹಿಡಿದ ಕಡೆಯೆಲ್ಲ ಲೇಪನ ಒಂದಿಷ್ಟು ಒತ್ತಿಕೊಂಡಿತ್ತು, ಅದೂ ಒಂದೇ ಸಮ ಅಲ್ಲ, ಅಲೆಅಲೆಯಾಗಿ.

"ಬೆರಳಿನ ತುದಿ ತಾನ ಉಬ್ಬಿ ಇಳದಂಗ ಐತಲ್ಲ," ಎಂದಳು ಶಿವಲೀಲಾ, ಕಣ್ಣು ತೆಗೆಯದೆ.

ನದಾಫ್ ತುಸು ಹೊತ್ತು ತಲೆ ಕೆರೆದುಕೊಂಡ. "ನಾಡಿ ಏನ್ರಿ ಹಂಗಾದ್ರ?"

ಪರೀಕ್ಷೆ ಮಾಡದೆ ಬಿಡುವ ಜಾತಿಯವರಲ್ಲ ಇಬ್ಬರೂ. ನದಾಫನ ಎಡಗೈ ಬೆರಳಿಗೆ ನಾಡಿ ಅಳೆಯುವ ಕ್ಲಿಪ್ಪು ಸಿಕ್ಕಿಸಿ, ಬಲಗೈಗೆ ಸೂಜಿ ಕೊಟ್ಟಳು. ಹತ್ತಿ ಹಿಂಜುವವರ ಮನೆತನದವನು, ಹತ್ತಿಯ ಗುರುತು ಚೆನ್ನಾಗಿತ್ತು, ಸೂಜಿಯ ಗುರುತು ಇರಲಿಲ್ಲ. ಬೆರಳಿಗೆ ಚುಚ್ಚಿಕೊಂಡು, ಬೈದುಕೊಂಡು, ಗೇಣುದ್ದ ನೇರ ಗೆರೆಯೊಂದನ್ನು ಹೊಲಿದ. ಒಂದೊಂದು ಹೊಲಿಗೆಯಲ್ಲಿ ಒಂದೊಂದು ಮಿಡಿತದ ತುಣುಕು ಇತ್ತು. ಹೊಲಿದ ಕ್ರಮದಲ್ಲಿ ತುಣುಕುಗಳನ್ನು ಜೋಡಿಸಿ ಕ್ಲಿಪ್ಪಿನ ಗೆರೆಯ ಪಕ್ಕದಲ್ಲಿ ಇಟ್ಟರೆ ಎರಡೂ ತಾಳೆಯಾದವು. ದಾರ ನಾಡಿ ಹಿಡಿದಿತ್ತು.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಮಹಾನಂದಾ ಕಾಯಿಪಲ್ಯ ಹೆಚ್ಚುತ್ತಿದ್ದವಳು ಈಳಿಗೆ ಮಣೆಯ ಮೇಲೆಯೇ ನಕ್ಕಳು.

"ಅಂದ್ರ ಮಸರವ್ವ ಕೂಗಾಕತ್ತಾಳ, ನನ್ನ ಎದಿ ಆಕಿ ಹಿಂದ ತಾಳ ಹಾಕಾಕತ್ತೈತಿ?"

"ಹೌದ್ರಿ ಅಕ್ಕಾ."

"ನನ್ನನ್ನ ಒಂದ ಮಾತ ಕೇಳಬಾರದೇನು ಆ ದಾರ," ಎಂದಳು. ಆದರೂ ಕೈ ಒರೆಸಿಕೊಂಡು ಬಂದು ಹೆಡ್‌ಫೋನ್ ಹಾಕಿಸಿಕೊಂಡಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಮೆತ್ತಗಾಯಿತು. "ಇದು ನಾನಾ?" ಎಂದು ಕೇಳಿ, ಇನ್ನೊಮ್ಮೆ ಹಚ್ಚಲು ಹೇಳಿದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುಮ್ಮನೆ ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬಂತೆ, ಇಡೀ ಅರಿವೆಯ ನಾಡಿಯನ್ನು ಬಿಡಿಸಿ ನೋಡೋಣ ಎಂದಳು ಶಿವಲೀಲಾ. ಯಾವ ಹೊಲಿಗೆ ಆದಮೇಲೆ ಯಾವುದು ಎಂಬುದು ದಾರಿನಕ್ಷೆಯಲ್ಲಿ ಇದ್ದೇ ಇತ್ತು. ನದಾಫ್ ಆ ಕ್ರಮದಲ್ಲಿ ತುಣುಕುಗಳನ್ನು ಪೋಣಿಸಿದ.

ಪರದೆಯ ಮೇಲೆ ಮಹಾನಂದಾಳ ಸಾಲುಗಳು ಬಂದವು. ಮಿಡಿತ, ಮಿಡಿತ, ಮಿಡಿತ. ಆಮೇಲೆ ಬರಿದು. ಮತ್ತೆ ಒಂದರ ಮೇಲೊಂದು ಬಿದ್ದ ಎರಡು ಮಿಡಿತ. ಮತ್ತೆ ಬರಿದು. ಗೋಪುರದ ಕವಲುಗಳಲ್ಲಂತೂ ಕುಂಟುವ ಎತ್ತು ನಡೆದ ಹಾಗಿತ್ತು. ಶಿವಲೀಲಾ ಪರದೆಗೆ ಮುಖ ಹತ್ತಿರ ತಂದು ನೋಡಿದಳು.

"ಮಷೀನಿನ ತಪ್ಪಿರಬೇಕು," ಎಂದಳು.

"ನಾನೂ ಅದನ್ನ ಅಂದ್ಕೊಂಡೆ. ಅದಕ್ಕ ನಿಮ್ಮ ಸಾಲು ಹಚ್ಚಿ ನೋಡಿದೆ." ನದಾಫ್ ಅವಳು ಹೊಲಿದ ಭಾಗವನ್ನು ತೋರಿಸಿದ. "ನಿಮ್ಮದ್ರಾಗೂ ಅಲ್ಲಲ್ಲಿ ಬರಿದು ಅದಾವ, ಆದ್ರ ಭಾಳ ಕಮ್ಮಿ. ಅಂದ್ರ ಇಷ್ಟು ನಮ್ಮ ಓದುಪಟ್ಟಿ ತಪ್ಪು ಅಂತ ಹಿಡಿಯೂಣು. ಅದನ್ನ ಕಳದರೂ ಅಕ್ಕಾರದು ರಗಡ ಉಳೀತಾವ್ರಿ."

ಲೆಕ್ಕ ಸರಿಯಾಗಿಯೇ ಇತ್ತು. ಶಿವಲೀಲಾಗೆ ಅದರಲ್ಲಿ ಕುಂದು ಹುಡುಕಲು ಆಗಲಿಲ್ಲ. ಫಿಲ್ಟರಿನ ಮಾತು ಆ ದಿನ ಯಾರೂ ಎತ್ತಲಿಲ್ಲ.

ಮನೆಯಲ್ಲಿ ಅಂದಿನಿಂದ ಹೊಸ ಕಾಯಿದೆ ಜಾರಿಯಾಯಿತು. ಮಹಾನಂದಾ ನೀರಿನ ಕೊಡ ಎತ್ತುವಂತಿಲ್ಲ, ಮಾಳಿಗೆ ಹತ್ತುವಂತಿಲ್ಲ, ಉಪ್ಪಿನಕಾಯಿ ಮುಟ್ಟುವಂತಿಲ್ಲ. ಸಾರಿಗೆ ಉಪ್ಪು ಅರ್ಧಕ್ಕೆ ಇಳಿಯಿತು. ಇಬ್ಬರು ಗಂಡಸರೂ ಊಟಕ್ಕೆ ಕೂತು ಮುಖ ಮುಖ ನೋಡಿಕೊಂಡರು. ಕೊನೆಗೆ ಸೂಜಿಯನ್ನೂ ಕಸಿದುಕೊಂಡಾಗ ಮಹಾನಂದಾಗೆ ಸಿಟ್ಟು ಬಂತು.

"ನಾ ಗಟ್ಟಿ ಅದೀನಿ ಅಂತ ನಾ ಹೇಳಾಕತ್ತೇನಿ. ಅರಿವಿ ಮಾತ ಕೇಳ್ತೀ, ನನ್ನ ಮಾತ ಕೇಳಂಗಿಲ್ಲ?"

"ಅಕ್ಕಾ, ನಿಮಗೇನರ ಆದ್ರ ನಾ ಏನ ಮಾಡ್ಲಿ?" ಎಂದಳು ಶಿವಲೀಲಾ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ತ್ರಾಸ ಮುಚ್ಚಿಟ್ಕೋಬ್ಯಾಡ್ರಿ. ಎದಿ ಹಾರತೈತೇನು? ತಲಿ ತಿರುಗತೈತೇನು? ಖರೇ ಹೇಳ್ರಿ."

"ನಿನ್ನ ಸಾರ ಉಂಡ್ರ ತಲಿ ತಿರುಗತೈತಿ," ಎಂದಳು ಮಹಾನಂದಾ. ಆದರೂ ಅವಳ ಕಣ್ಣೀರು ನೋಡಿ ದವಾಖಾನೆಗೆ ಬರಲು ಒಪ್ಪಿದಳು.

ಹೃದಯದ ಡಾಕ್ಟರು ಕಟ್ಟಿಮನಿ ಮೇಡಂ ಮಾತು ಕಮ್ಮಿ, ಪರೀಕ್ಷೆ ಜಾಸ್ತಿ ಎನ್ನುವವರು. ಇಸಿಜಿ ತೆಗೆದರು, ಏನೂ ಸಿಗಲಿಲ್ಲ. ಕೆಲವೊಮ್ಮೆ ತಪ್ಪುವ ಮಿಡಿತ ಆ ಗಳಿಗೆಯಲ್ಲಿ ಸಿಗದೆ ಹೋಗುತ್ತದೆ ಎಂದು ಎದೆಗೆ ಮಿಡಿತ ದಾಖಲಿಸುವ ಒಂದು ಪಟ್ಟಿ ಅಂಟಿಸಿ, ವಾರ ಬಿಟ್ಟು ಬರಲು ಹೇಳಿದರು. ಕಸೂತಿಯ ಕಥೆಯನ್ನು ಮಾತ್ರ ಎರಡೆರಡು ಸಲ ಕೇಳಿಸಿಕೊಂಡರು.

ಆ ವಾರ ಶಿವಲೀಲಾ ಒಬ್ಬಳೇ ಹೊಲಿದಳು. ಬಳೆಗಾರನ ಕೂಗೊಂದು ಉಳಿದಿತ್ತು, ಪ್ರದರ್ಶನ ಹತ್ತಿರ ಬಂದಿತ್ತು. ಅದು ಅತ್ಯಂತ ಕವಲಿನ ಚಿತ್ತಾರ. ದಾರಿನಕ್ಷೆಯನ್ನು ಎದುರಿಗೆ ಇಟ್ಟುಕೊಂಡು, ಒಂದು ಹೊಲಿಗೆಯೂ ಅತ್ತಿತ್ತ ಆಗದಂತೆ, ಅದು ಹೇಳಿದ ಹಾಗೆ ಹೋಗಿ ಅದು ಹೇಳಿದ ಹಾಗೆ ಬಂದಳು. ನಡುನಡುವೆ ಕಣ್ಣು ಮಂಜಾಗುತ್ತಿತ್ತು, ಗೋಡೆಗೆ ಒರಗಿ ಕೂರುತ್ತಿದ್ದಳು. ಅಕ್ಕನ ಚಿಂತೆಗೆ ಊಟ ರುಚಿಸುತ್ತಿಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ಮಹಾನಂದಾ ಬಾಗಿಲಲ್ಲಿ ನಿಂತು ನೋಡಿ, "ಮಾರಿ ಯಾಕ ಹಂಗ ಬಿಳಚಿಕೊಂಡೈತಿ?" ಎಂದಳು. "ಬಿಸಲಾಗ ಹೋಗಿದ್ದೆ," ಎಂದಳು ಶಿವಲೀಲಾ.

ವಾರ ಕಳೆದು ಹೋದಾಗ ಡಾಕ್ಟರು ಪಟ್ಟಿಯ ವರದಿಯನ್ನು ಮುಂದಿಟ್ಟರು. "ನಿಮ್ಮ ಅಕ್ಕಾರ ಹೃದಯ ಚಲೋ ಗಡಿಯಾರ ನಡದಂಗ ನಡದೈತಿ. ವಾರದಾಗ ಒಂದ ಸಲಾನೂ ತಪ್ಪಿಲ್ಲ. ನಿಮ್ಮ ಅರಿವಿ ಸುಳ್ಳ ಹೇಳಾಕತ್ತೈತಿ ನೋಡ್ರಿ."

ಮಹಾನಂದಾ ಹೊರಗೆ ಬಂದವಳೇ ಎದುರಿನ ಅಂಗಡಿಯಲ್ಲಿ ಖಾರಾ ಚೂಡಾ ಕಟ್ಟಿಸಿಕೊಂಡಳು. ಶಿವಲೀಲಾಗೆ ನೆಮ್ಮದಿಯಾಯಿತು, ನಿಜ. ಆದರೆ ನೆಮ್ಮದಿಯ ಹಿಂದೆಯೇ ಕುತೂಹಲವೂ ಎದ್ದು ಕೂತಿತು. ನದಾಫನ ಗೇಣುದ್ದದ ಗೆರೆಯಲ್ಲಿ ನಿಜ ಹೇಳಿದ ದಾರ, ಅಕ್ಕನ ಗೋಪುರದಲ್ಲಿ ಯಾಕೆ ಸುಳ್ಳು ಹೇಳಬೇಕು?

ಮನೆಗೆ ಬಂದು ಮಸರವ್ವನ ಅರಿವೆಯನ್ನು ಮಹಾನಂದಾಳ ಮಡಿಲಿಗೆ ಹಾಕಿದಳು. "ಅಕ್ಕಾ, ಈ ಗೋಪುರ ನೀವು ಹೆಂಗ ಹೊಲದ್ರಿ? ಬೆರಳಿಟ್ಟು ತೋರಸ್ರಿ."

ಮಹಾನಂದಾ ಚೂಡಾ ಬಾಯಿಗೆ ಹಾಕಿಕೊಂಡು ಬೆರಳು ಇಟ್ಟಳು. ಬುಡದಿಂದ ಹೊರಟ ಬೆರಳು ಯಾವ ಕವಲಿಗೂ ತಿರುಗದೆ ನೆಟ್ಟಗೆ ಶಿಖರಕ್ಕೆ ಹೋಯಿತು. ಅಲ್ಲಿಂದ ಇಳಿಯುತ್ತಾ ಎಡಕ್ಕೊಂದು, ಬಲಕ್ಕೊಂದು ಕವಲು ಮುಗಿಸಿತು.

"ನಕ್ಷೆಯೊಳಗ ಹಿಂಗಿಲ್ಲಲ್ರೀ ಅಕ್ಕಾ. ಬುಡದ ಕವಲು ಮೊದಲ ಮುಗಸ್ರಿ ಅಂತ ಐತಿ."

"ಇರಬಹುದು."

"ಮತ್ತ ನೀವು ನಕ್ಷೆ ನೋಡಿ ಹೊಲೀಲಿಲ್ಲೇನು?"

ಮಹಾನಂದಾ ಒಂದಿಷ್ಟು ನಾಚಿದಳು. "ನೀ ಅಷ್ಟು ಕಷ್ಟಪಟ್ಟು ಮಾಡಿದ್ದಿ, ಬ್ಯಾಸರ ಮಾಡ್ಕೋಬಾರದು ಅಂತ ಮುಂದ ಇಟ್ಕೊಂಡಿರ್ತಿದ್ದೆ. ನಿನ್ನ ಹಾದಿ ಚಲೋನ ಐತಿ, ದಾರ ಉಳೀತೈತಿ. ಆದ್ರ ಮೊದಲ ತುದಿ ಮುಟ್ಟಿ ಬರದಿದ್ರ ನನಗ ಗೋಪುರ ಎಷ್ಟ ಎತ್ತರ ಅಂತ ತಿಳ್ಯಂಗಿಲ್ಲ. ನಮ್ಮ ಅವ್ವನೂ ಹಿಂಗ ಹೊಲೀತಿದ್ಲು."

ಶಿವಲೀಲಾಗೆ ಮೊದಲು ಚುರ್ ಎಂದಿತು. ಇಷ್ಟು ದಿನ ಅಚ್ಚು ಹಾಕಿ ಹಾಕಿ ಕೊಟ್ಟ ನಕ್ಷೆಗಳನ್ನೆಲ್ಲ ಈಕೆ ದೇವರ ಮುಂದಿನ ಹಣ್ಣಿನ ಹಾಗೆ ಎದುರಿಗೆ ಇಟ್ಟುಕೊಂಡದ್ದಷ್ಟೇ ಎಂದರೆ ಯಾರಿಗಾದರೂ ನೋಯುತ್ತದೆ. ಆಮೇಲೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಅಕ್ಕನ ಎದೆ ಎಲ್ಲೂ ಕುಂಟಿರಲಿಲ್ಲ. ಅವಳು ಒಂದು ದಾರಿಯಲ್ಲಿ ಹೋಗಿದ್ದಳು, ಇವರು ಅವಳ ಮಿಡಿತಗಳನ್ನು ಇನ್ನೊಂದು ದಾರಿಯ ಕ್ರಮದಲ್ಲಿ ಪೋಣಿಸಿದ್ದರು. ಸರದ ಮಣಿಗಳನ್ನು ಕಿತ್ತು ತಪ್ಪಾಗಿ ಕಟ್ಟಿ, ಸರವೇ ಸರಿಯಿಲ್ಲ ಎಂದ ಹಾಗಾಗಿತ್ತು. ಬೆರಳು ನಡೆದ ದಾರಿಯನ್ನೆಲ್ಲ ಟ್ಯಾಬಿನಲ್ಲಿ ಗುರುತು ಮಾಡಿಕೊಂಡಳು, ಒಂದೊಂದೇ ಗೋಪುರ, ಒಂದೊಂದೇ ನವಿಲು.

ಮರುದಿನ ಮಹಾನಂದಾಳೂ ಲ್ಯಾಬಿಗೆ ಬಂದಳು. ತನ್ನ ಮೇಲೆ ಬಂದ ಅಪವಾದ ಕಳೆಯುವುದನ್ನು ಕಣ್ಣಾರೆ ನೋಡಬೇಕಂತೆ. ನದಾಫ್ ಹೊಸ ದಾರಿಯನ್ನು ತುಂಬಿದ. ಪರದೆಯ ಮೇಲೆ ಬರಿದುಗಳು ಒಂದೊಂದಾಗಿ ಮುಚ್ಚಿಕೊಂಡವು. ಮಿಡಿತ, ಮಿಡಿತ, ಮಿಡಿತ, ಒಂದರ ಹಿಂದೊಂದು, ಅರಿವೆಯ ಈ ತುದಿಯಿಂದ ಆ ತುದಿಯವರೆಗೆ. ಎಲ್ಲಿಯೂ ಒಂದೂ ಬರಿದಿಲ್ಲ.

"ಈಗೇನಂತೀರಿ ಎಂಜಿನಿಯರ್ ಸಾಹೇಬ್ರ?" ಎಂದಳು ಮಹಾನಂದಾ.

ನದಾಫ್ ನಗಲಿಲ್ಲ. ಪರದೆಯನ್ನು ಮತ್ತೆ ಮೊದಲಿನಿಂದ ಸರಿಸಿ ನೋಡಿದ, ಓದುಪಟ್ಟಿಯನ್ನು ಇನ್ನೊಮ್ಮೆ ಹಾಯಿಸಿದ.

"ಒಂದೂ ಇಲ್ರಿ," ಎಂದ ಮೆಲ್ಲಗೆ. "ಓದುಪಟ್ಟಿ ತಪ್ಪು ಅಂತ ಒಂದಿಷ್ಟು ಹಿಡದಿದ್ದೆವಲ್ಲ, ಅಷ್ಟಾದರೂ ಇಲ್ಲಿ ಕಾಣಬೇಕಿತ್ತು. ನಾ ಹೊಲದಿದ್ದ ಗೆರಿಯೊಳಗೂ ಇರಲಿಲ್ಲ. ಗೇಣುದ್ದ ಅಂತ ನಾ ಅದನ್ನ ಲೆಕ್ಕಕ್ಕ ತಗೊಳ್ಳಲಿಲ್ಲ."

ಅವನ ಮಾತು ಅರ್ಧದಲ್ಲಿ ಇರುವಾಗಲೇ ಶಿವಲೀಲಾಗೆ ತಿಳಿಯಿತು. ಓದುಪಟ್ಟಿ ತಪ್ಪು ಮಾಡುವುದಾದರೆ ಎಲ್ಲರ ಹೊಲಿಗೆಯಲ್ಲೂ ಮಾಡಬೇಕು. ತಪ್ಪು ಇದ್ದದ್ದು ಒಬ್ಬರ ಹೊಲಿಗೆಯಲ್ಲಿ ಮಾತ್ರ. ದಾರಿನಕ್ಷೆಯನ್ನು ಹೊಲಿಗೆ ತಪ್ಪದೆ ಪಾಲಿಸಿದವಳು ತಾನೊಬ್ಬಳೇ, ಆದ್ದರಿಂದ ಕ್ರಮ ಕಲಸಿತ್ತು ಎನ್ನುವ ಸಬೂಬು ತನಗೆ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಅಕ್ಕನ ಎದೆಯನ್ನು ಅಳೆಯಲು ಅವಳು ತನ್ನ ಎದೆಯನ್ನೇ ಅಳತೆಗೋಲು ಮಾಡಿಕೊಂಡಿದ್ದಳು.

"ಬಳೆಗಾರನ್ನ ಹಚ್ಚಪಾ," ಎಂದಳು. "ಮೊನ್ನೆ ನಾ ಒಬ್ಬಾಕೀನ ಹೊಲದದ್ದು. ಕೂಗು ಬ್ಯಾಡ, ಕೆಳಗಿಂದಷ್ಟ."

ನದಾಫ್ ಅನುಮಾನಿಸಿದ. ಅವಳು ಕಣ್ಣು ಕೆಂಪಗೆ ಮಾಡಿದಳು, ಆಗ ಹಚ್ಚಿದ.

ಮೂವರೂ ಕೇಳಿದರು. ಗುದ್, ಗುದ್, ಗುದ್. ಆಮೇಲೆ ಏನೂ ಇಲ್ಲ. ಇನ್ನೂ ಏನೂ ಇಲ್ಲ. ಆಮೇಲೆ ದೊಡ್ಡದೊಂದು ಗುದ್. ಆ ಖಾಲಿ ಜಾಗ ಬಂದ ಕಡೆಯೆಲ್ಲ ತಾನು ಗೋಡೆಗೆ ಒರಗಿದ್ದು ಶಿವಲೀಲಾಗೆ ನೆನಪಾಯಿತು. ಹೆದರಿಕೆ ಬರಬೇಕಿತ್ತು, ಬರುವ ದಾರಿಯಲ್ಲಿಯೂ ಇತ್ತು. ಆದರೆ ಅದಕ್ಕಿಂತ ಮೊದಲು ಬಂದದ್ದು ಸೋಜಿಗ. ತನ್ನೊಳಗೆ ಇಷ್ಟು ದಿನದಿಂದ ನಡೆಯುತ್ತಿದ್ದದ್ದು ತನಗೆ ಕಾಣದೆ, ಅರಿವೆಗೆ ಕಂಡಿತ್ತು.

"ಇನ್ನೊಮ್ಮೆ ಹಚ್ಚು," ಎಂದಳು.

"ಬ್ಯಾಡ," ಎಂದಳು ಮಹಾನಂದಾ. ಶಿವಲೀಲಾಳ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ತಲಿ ತಿರುಗತೈತೇನು, ಎದಿ ಹಾರತೈತೇನು, ಮುಚ್ಚಿಟ್ಕೋಬ್ಯಾಡ ಅಂತ ನನಗ ಕೇಳಿದ್ಯಲ್ಲ. ಈಗ ನಾ ಕೇಳಾಕತ್ತೇನಿ. ಬಿಸಲಾಗ ಹೋಗಿದ್ದೆ ಅಂತ ಮತ್ತ ಸುಳ್ಳ ಹೇಳಿದ್ರ ಕಪಾಳಕ್ಕ ಕೊಡ್ತೀನಿ ನೋಡು."

ಶಿವಲೀಲಾ ಅತ್ತಳು. ಸೊಸೆಯಾಗಿ ಬಂದ ಮೊದಲ ವರ್ಷ ಅತ್ತ ಹಾಗೆ, ಅಕ್ಕನ ಹೆಗಲಿಗೆ ಹಣೆ ಹಚ್ಚಿ ಅತ್ತಳು. ನದಾಫ್ ಗಾಡಿ ತೆಗೆಯಲು ಹೊರಗೆ ಹೋದ.

ಕಟ್ಟಿಮನಿ ಡಾಕ್ಟರು ಈ ಸಲ ಅರಿವೆಯನ್ನೂ ತರಿಸಿಕೊಂಡು ನೋಡಿದರು. ಶಿವಲೀಲಾಳ ಎದೆಗೂ ಪಟ್ಟಿ ಅಂಟಿಸಿದ ಮರುದಿನವೇ ಅವಳ ಹೃದಯ ಉಸಿರು ಬಿಗಿಹಿಡಿಯುವಷ್ಟು ಹೊತ್ತು ಸುಮ್ಮನೆ ಕೂತದ್ದು ಸಿಕ್ಕಿತು. ಇನ್ನು ತಡಮಾಡುವ ಹಾಗಿರಲಿಲ್ಲ. ಕೊರಳೆಲುಬಿನ ಕೆಳಗೆ ಪುಟ್ಟದೊಂದು ಪೇಸ್‌ಮೇಕರ್ ಕೂರಿಸಿದರು. ಹೃದಯ ತಾನಾಗಿ ಮಿಡಿದರೆ ಅದು ಸುಮ್ಮನಿರುತ್ತದೆ, ಹೃದಯ ಮರೆತರೆ ಮಾತ್ರ ನೆನಪು ಮಾಡುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ವಸ್ತುಸಂಗ್ರಹಾಲಯದವರಿಗೆ ನದಾಫ್ ಏನು ಹೇಳಿದನೋ, ಫಿಲ್ಟರ್ ಬೇಕು ಎಂದು ಅವರು ಮತ್ತೆ ಕೇಳಲಿಲ್ಲ.

ಎಡಗೈ ಎತ್ತಬಾರದು ಎಂಬ ಪಥ್ಯ ಮುಗಿದ ದಿನ ಶಿವಲೀಲಾ ಅಂಗಳದ ಕಟ್ಟೆಗೆ ಬಂದು ಕೂತು ಒಂದು ಸಾಲು ಹೊಲಿದಳು. ನದಾಫ್ ಸಂಜೆ ಓದುಪಟ್ಟಿ ಹಿಡಿದುಕೊಂಡು ಬಂದ. ಅವನಿಗೂ ತಡೆಯಲಾಗಿರಲಿಲ್ಲ. ಟ್ಯಾಬಿನ ಮೇಲೆ ಗೆರೆ ಮೂಡಿತು. ಬರಿದು ಒಂದೂ ಇರಲಿಲ್ಲ. ಆದರೆ ಕಣ್ಣಿಟ್ಟು ನೋಡಿದರೆ ಮಿಡಿತಗಳಲ್ಲಿ ಎರಡು ಬಗೆ ಇದ್ದವು. ಕೆಲವು ಒಂದಕ್ಕೊಂದು ಹೋಲದವು, ಹಿರಿದು ಕಿರಿದು, ಅವಸರದವು, ಸಾವಕಾಶದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಅಚ್ಚು ಒತ್ತಿದ ಹಾಗೆ ಒಂದೇ ಅಳತೆಯವು.

ಶಿವಲೀಲಾ ಅರಿವೆಯನ್ನು ತಿರುವಿ, ಆ ಅಚ್ಚಿನ ಮಿಡಿತ ಬಿದ್ದ ಹೊಲಿಗೆಯನ್ನು ಹುಡುಕಿದಳು. ಉಗುರಿನಿಂದ ಮುಟ್ಟಿ ನೋಡಿದಳು. ಪಕ್ಕದ ಹೊಲಿಗೆಯನ್ನೂ ಮುಟ್ಟಿದಳು. "ಅಕ್ಕಾ, ಇಲ್ಲಿ ನೋಡ್ರಿ. ಇದು ನನ್ನ ಎದಿ, ಇದು ಆ ಮಷೀನು. ಹೊಲಿಗಿ ನೋಡಿದ್ರ ಯಾವುದು ಯಾವುದು ಅಂತ ತಿಳ್ಯವಲ್ದು. ಇನ್ನ ಮ್ಯಾಲೆ ನಾ ಮಾಡಿದ್ದರಾಗ ನಂದು ಎಷ್ಟು, ಅದರದು ಎಷ್ಟು?"

ಮಹಾನಂದಾ ಅರಿವೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಮೇಲಿನ ಮಗ್ಗುಲು ನೋಡಿದಳು, ಕೆಳಗಿನ ಮಗ್ಗುಲು ನೋಡಿದಳು, ಒಂದು ಎಳೆಯೂ ಎಲ್ಲಿಯೂ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ತಿರುಗಿ ಅವಳ ಕೈಗೆ ಕೊಟ್ಟಳು.

"ಮಿಡಿಯೋದು ಯಾವುದಾದ್ರೂ ಮಿಡೀಲಿ," ಎಂದಳು. "ಕೈ ನಿಂದು. ಹೊಲಿ."